ಸಿನಿಮಾದಲ್ಲಿ ಇರಬೇಕಿದ್ದ ಹಾಡು ಎಲ್ಲಿ ಹೋಯಿತು?



ಈ ಸಲದ ಪಾಠ ಪಠ್ಯಪುಸ್ತಕದ್ದಲ್ಲ. ಕಾಲೇಜು ತೆರೆದ ಮೊದಲ ತಿಂಗಳಲ್ಲಿ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯಿಂದ ಇದು ಶುರುವಾಯಿತು. "ಮೇಡಂ, ನಮ್ಮ ದಾದಾನ ಬೀಳ್ಕೊಡುಗೆ ವಿಡಿಯೊದಲ್ಲಿ ಅವರು ಮಾತಾಡೋದು ಕಾಣ್ಸುತ್ತೆ, ಕೇಳ್ಸಲ್ಲ. ಅಬ್ಬಾ ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು."

ಅವಳ ದಾದಾ ನಮ್ಮ ಕಾಲೇಜಿನಲ್ಲಿ ಬಹಳ ವರ್ಷ ಗಂಟೆ ಹೊಡೆದವರು. ಹಳೆಯ ಬ್ಯಾಚುಗಳ ಎಲ್ಲರಿಗೂ ಅವರು 'ಚಾಚಾ'. ನಿವೃತ್ತಿಯ ದಿನ ವೇದಿಕೆ ಹತ್ತಿ ನಾಲ್ಕು ನಿಮಿಷ ಮಾತಾಡಿದ್ದರು. ಮೈಕಿನ ಮುಂದೆ ಅವರು ಮಾತಾಡಿದ್ದು ಅದೊಂದೇ ಸಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಆ ವಿಡಿಯೊವನ್ನು ಎಡಿಟ್ ಮಾಡಿಸಿದವಳು ನಾನು. ಬರೀ ಮಾತು ಸಪ್ಪೆ ಅನ್ನಿಸಿ, ಅವರ ಮಾತಿನ ಹಿಂದೆ ಹಳೆಯ ಹಿಂದಿ ಸಿನಿಮಾದ ಹಾಡೊಂದನ್ನು ಮೆಲುದನಿಯಲ್ಲಿ ಸೇರಿಸಲು ಹೇಳಿದ್ದೂ ನಾನೇ. ವಿಡಿಯೊವನ್ನು ಜಾಲತಾಣಕ್ಕೆ ಏರಿಸಿದೆವು. ಮೊಬೈಲ್‌ನಲ್ಲಿ ಜಾಗ ಸಾಲದೆಂದು ಮೂಲ ಪ್ರತಿಯನ್ನು ಅಳಿಸಿದೆವು. ಕೆಲವು ತಿಂಗಳ ಮೇಲೆ ಆ ತಾಣದ ಯಂತ್ರವು ಹಾಡನ್ನು ಗುರುತಿಸಿ, ಹಾಡು ಇರುವಷ್ಟು ಭಾಗದ ಧ್ವನಿಯನ್ನು ನಿಲ್ಲಿಸಿತು. ಹಾಡಿನ ಜೊತೆಗೆ ಚಾಚಾರ ಮಾತೂ ಹೋಯಿತು.

ಹುಡುಗಿಗೆ ಅಂದು ನಾನು ಕೊಟ್ಟ ಉತ್ತರ, "ಕಾಪಿರೈಟ್ ಸಮಸ್ಯೆ ಕಣಮ್ಮಾ." ಅವಳು ತಲೆಯಾಡಿಸಿ ಹೋದಳು. ಆದರೆ ಅದು ಉತ್ತರವಲ್ಲ, ಉತ್ತರದ ತಲೆಬರಹ ಅಷ್ಟೇ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಚಿಕ್ಕ ವಿಡಿಯೊಗೆ ಆದದ್ದು ದೊಡ್ಡ ದೊಡ್ಡ ಸಿನಿಮಾಗಳಿಗೂ ಟಿವಿ ಧಾರಾವಾಹಿಗಳಿಗೂ ಆಗಿದೆ. ಅಲ್ಲಿಂದಲೇ ಶುರು ಮಾಡೋಣ.

ಹುಟ್ಟುಹಬ್ಬದ ಹಾಡಿಲ್ಲದ ಹುಟ್ಟುಹಬ್ಬ

ಹಳೆಯ ಅಮೆರಿಕನ್ ಸಿನಿಮಾ, ಧಾರಾವಾಹಿಗಳನ್ನು ನೋಡುವವರು ಒಂದು ವಿಚಿತ್ರ ಗಮನಿಸಿರಬಹುದು. ಕೇಕ್ ಬರುತ್ತದೆ, ಮೇಣದಬತ್ತಿ ಉರಿಯುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಎಷ್ಟೋ ಕಡೆ 'ಹ್ಯಾಪಿ ಬರ್ತ್‌ಡೇ ಟು ಯೂ' ಹಾಡುವುದಿಲ್ಲ. ಬದಲಿಗೆ 'ಫಾರ್ ಹಿ ಈಸ್ ಎ ಜಾಲಿ ಗುಡ್ ಫೆಲೋ' ಎಂಬ ಬೇರೆ ಹಾಡು ಹಾಡುತ್ತಾರೆ. ಇಲ್ಲವೇ ಹಾಡು ಶುರುವಾಗುವ ಮೊದಲೇ ದೃಶ್ಯ ಮುಗಿದುಹೋಗುತ್ತದೆ. ಅಲ್ಲಿನ ಹಲವು ಹೋಟೆಲುಗಳು ಗಿರಾಕಿಗಳ ಹುಟ್ಟುಹಬ್ಬಕ್ಕೆ ತಮ್ಮದೇ ಹಾಡು ಕಟ್ಟಿಕೊಂಡಿದ್ದವು. ಇಡೀ ಜಗತ್ತಿಗೆ ಬಾಯಿಪಾಠವಾದ ಹಾಡು ಪರದೆಯ ಮೇಲೆ ಮಾತ್ರ ಯಾಕೆ ಇಲ್ಲ?

ಕಥೆ ಒಂದು ಶಿಶುವಿಹಾರದಲ್ಲಿ ಶುರುವಾಗುತ್ತದೆ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ ಪ್ಯಾಟಿ ಹಿಲ್ ಮತ್ತು ಮಿಲ್ಡ್ರೆಡ್ ಹಿಲ್ ಎಂಬ ಅಕ್ಕತಂಗಿಯರಿದ್ದರು. ಪ್ಯಾಟಿ ಶಿಶುವಿಹಾರದ ಶಿಕ್ಷಕಿ, ಮಿಲ್ಡ್ರೆಡ್ ಸಂಗೀತ ಬಲ್ಲವರು. ಮಕ್ಕಳು ಬೆಳಿಗ್ಗೆ ಬಂದಾಗ ಒಟ್ಟಿಗೆ ಹಾಡಲು ಅವರು 'ಗುಡ್ ಮಾರ್ನಿಂಗ್ ಟು ಆಲ್' ಎಂಬ ಪುಟ್ಟ ಹಾಡು ಮಾಡಿ, 1893ರಲ್ಲಿ ತಮ್ಮ ಶಿಶುಗೀತೆಗಳ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ರಾಗ ಸುಲಭವಾಗಿತ್ತು. ಅದೇ ರಾಗಕ್ಕೆ ಹುಟ್ಟುಹಬ್ಬದ ಮಾತು ಸೇರಿ ಊರೂರಿಗೆ ಹರಡಿತು.

1935ರಲ್ಲಿ ಸಮ್ಮಿ ಎಂಬ ಪ್ರಕಾಶನ ಸಂಸ್ಥೆ ಈ ಹಾಡಿನ ಹೆಸರಿನಲ್ಲಿ ಕೃತಿಸ್ವಾಮ್ಯ ನೋಂದಾಯಿಸಿತು. ಕೈಯಿಂದ ಕೈಗೆ ದಾಟುತ್ತಾ 1988ರಲ್ಲಿ ಆ ಹಕ್ಕು ವಾರ್ನರ್ ಚಾಪೆಲ್ ಸಂಸ್ಥೆಯ ಪಾಲಾಯಿತು. ಮನೆಯಲ್ಲಿ ಹಾಡಿದರೆ ಯಾರೂ ಕೇಳುತ್ತಿರಲಿಲ್ಲ. ಸಿನಿಮಾ, ಟಿವಿಯಲ್ಲಿ ಬಳಸಿದರೆ ಹಣ ಕಟ್ಟಬೇಕಿತ್ತು. ಈ ಒಂದು ಹಾಡಿನಿಂದ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಬರುತ್ತಿತ್ತೆಂದು ಅಂದಾಜು. ಆದ್ದರಿಂದ ಕೈಯಲ್ಲಿ ಕಾಸಿಲ್ಲದ ನಿರ್ದೇಶಕರು ಹಾಡನ್ನೇ ಬಿಟ್ಟರು.

2013ರಲ್ಲಿ ಜೆನಿಫರ್ ನೆಲ್ಸನ್ ಎಂಬ ನಿರ್ಮಾಪಕಿ ಇದೇ ಹಾಡಿನ ಚರಿತ್ರೆಯ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟರು. ಹಾಡು ಬಳಸಲು 1,500 ಡಾಲರ್ ಕಟ್ಟಿದರು. ಕಟ್ಟಿ ಸುಮ್ಮನೆ ಕೂರಲಿಲ್ಲ. 'ಈ ಹಾಡು ನಿಜವಾಗಿ ನಿಮ್ಮದೇ?' ಎಂದು ಕೋರ್ಟಿನಲ್ಲಿ ಕೇಳಿದರು. ವಿಚಾರಣೆಯ ವೇಳೆ 1922ರ ಒಂದು ಹಾಡಿನ ಪುಸ್ತಕ ಸಿಕ್ಕಿತು. ಅದರಲ್ಲಿ ಹುಟ್ಟುಹಬ್ಬದ ಸಾಲುಗಳು ಅಚ್ಚಾಗಿದ್ದವು, ಆದರೆ ಕೃತಿಸ್ವಾಮ್ಯದ ಸೂಚನೆ ಇರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ಜಾರ್ಜ್ ಕಿಂಗ್ ತೀರ್ಪು ಕೊಟ್ಟರು: ಸಮ್ಮಿ ಸಂಸ್ಥೆಗೆ ಕೆಲವು ಪಿಯಾನೊ ಸಂಯೋಜನೆಗಳ ಹಕ್ಕು ಸಿಕ್ಕಿರಬಹುದು, ಹಾಡಿನ ಮಾತುಗಳ ಹಕ್ಕು ಎಂದೂ ಸಿಕ್ಕಿರಲಿಲ್ಲ. 2016ರಲ್ಲಿ 1 ಕೋಟಿ 40 ಲಕ್ಷ ಡಾಲರ್‌ಗೆ ರಾಜಿಯಾಯಿತು. ಹಾಡು ಎಲ್ಲರದಾಯಿತು.

ವಾಣಿಜ್ಯ ವಿಭಾಗದವರು ಇಲ್ಲಿ ಒಂದು ಮಾತು ಬರೆದಿಟ್ಟುಕೊಳ್ಳಿ. ಎಂಬತ್ತು ವರ್ಷ ಎಲ್ಲರೂ ಹಣ ಕಟ್ಟಿದ್ದು, ಹಕ್ಕಿನ ಕಾಗದವನ್ನು ಯಾರೂ ಪೂರ್ತಿ ಓದಿ ಪ್ರಶ್ನೆ ಮಾಡದ ಕಾರಣಕ್ಕೆ. ಒಬ್ಬ ಸಣ್ಣ ನಿರ್ಮಾಪಕಿಗೆ ಕೋರ್ಟಿನ ಖರ್ಚಿಗಿಂತ 1,500 ಡಾಲರ್ ಕಟ್ಟುವುದೇ ಅಗ್ಗ. ಹಾಗಾಗಿಯೇ ತಪ್ಪು ಲೆಕ್ಕ ಅಷ್ಟು ಕಾಲ ಉಳಿಯಿತು.

ಒಂದು ಹಾಡು, ಹಲವು ಮಾಲೀಕರು

ಈಗ ಮೂಲ ಪಾಠಕ್ಕೆ ಬರೋಣ. ನಾವು 'ಒಂದು ಹಾಡು' ಎನ್ನುತ್ತೇವೆ. ಕಾನೂನಿನ ಕಣ್ಣಿಗೆ ಅದು ಕನಿಷ್ಠ ಮೂರು ವಸ್ತು. ಒಂದು, ಹಾಡಿನ ಮಾತು. ಎರಡು, ರಾಗ ಸಂಯೋಜನೆ. ಮೂರು, ಧ್ವನಿಮುದ್ರಣ, ಅಂದರೆ ಇಂಥವರು ಹಾಡಿ, ಇಂಥವರು ನುಡಿಸಿ, ಇಂಥ ಕಂಪನಿ ಹೊರತಂದ ಆ ನಿರ್ದಿಷ್ಟ ಮುದ್ರಿಕೆ. ಮೂರಕ್ಕೂ ಬೇರೆ ಬೇರೆ ಮಾಲೀಕರು ಇರಬಹುದು.

ಸಿನಿಮಾದವರು ಹಳೆಯ ಹಾಡೊಂದನ್ನು ದೃಶ್ಯಕ್ಕೆ ಜೋಡಿಸಬೇಕಾದರೆ ಮಾತು ಮತ್ತು ರಾಗದ ಮಾಲೀಕರಿಂದ ಒಂದು ಅನುಮತಿ ಪಡೆಯಬೇಕು. ಇದಕ್ಕೆ ಆ ಉದ್ಯಮದಲ್ಲಿ 'ಸಿಂಕ್ ಲೈಸೆನ್ಸ್' ಎನ್ನುತ್ತಾರೆ. ಮೂಲ ಮುದ್ರಿಕೆಯನ್ನೇ ಬಳಸುವುದಾದರೆ ಧ್ವನಿಮುದ್ರಣದ ಮಾಲೀಕರಿಂದ ಇನ್ನೊಂದು, ಅದು 'ಮಾಸ್ಟರ್ ಲೈಸೆನ್ಸ್'. ಒಬ್ಬರು ಹೂಂ ಎಂದು ಇನ್ನೊಬ್ಬರು ಊಹೂಂ ಎಂದರೆ ಹಾಡು ಇಲ್ಲ. ಕೆಲವು ಸಿನಿಮಾಗಳಲ್ಲಿ ಪ್ರಸಿದ್ಧ ಹಾಡನ್ನು ಬೇರೆ ಯಾರೋ ಹಾಡಿರುವುದು ಇದೇ ಕಾರಣಕ್ಕೆ: ಮೊದಲ ಅನುಮತಿ ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ ಅಥವಾ ದುಬಾರಿಯಾಗಿದೆ.

ಸಿನಿಮಾದಲ್ಲಿ ಕಿವಿಗೆ ಬಿದ್ದ ಹಾಡು ಅದೇ ಸಿನಿಮಾದ ಹಾಡುಗಳ ಆಲ್ಬಮ್ಮಿನಲ್ಲಿ ಇಲ್ಲದಿರುವುದೂ ಉಂಟು. ದೃಶ್ಯದಲ್ಲಿ ಬಳಸಲು ಕೊಟ್ಟ ಅನುಮತಿ ಆಲ್ಬಮ್ಮಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ಮಾತುಕತೆ, ಬೇರೆ ಹಣ.

ಬೆಲೆ ಎಷ್ಟಿರಬಹುದು? 'ಮ್ಯಾಡ್ ಮೆನ್' ಎಂಬ ಅಮೆರಿಕನ್ ಧಾರಾವಾಹಿ 1960ರ ದಶಕದ ಕಥೆ. ಆ ಕಾಲದ ಕಥೆಯಲ್ಲಿ ಬೀಟಲ್ಸ್ ತಂಡದ ಮೂಲ ಮುದ್ರಿಕೆ ಬಹಳ ಕಾಲ ಕೇಳಲೇ ಇಲ್ಲ. 2012ರಲ್ಲಿ ಒಂದು ಕಂತಿಗೆ ಬೀಟಲ್ಸ್‌ನ ಒಂದೇ ಹಾಡು ಬಳಸಿದಾಗ ಸುಮಾರು 2,50,000 ಡಾಲರ್ ಕೊಟ್ಟರೆಂದು ಪತ್ರಿಕೆಗಳು ವರದಿ ಮಾಡಿದವು. ಸಣ್ಣ ಚಿತ್ರತಂಡಕ್ಕೆ ಅದು ಇಡೀ ಸಿನಿಮಾದ ಬಜೆಟ್.

ಹಣವಿದ್ದರೂ ಸಿಗದ ಹಾಡು

ಕೆಲವೊಮ್ಮೆ ಹಣದ ಪ್ರಶ್ನೆಯೇ ಅಲ್ಲ. ಮಾಲೀಕರಿಗೆ ಇಷ್ಟವಿಲ್ಲ, ಅಷ್ಟೇ.

2000ದಲ್ಲಿ ಬಂದ 'ಆಲ್ಮೋಸ್ಟ್ ಫೇಮಸ್' ಸಿನಿಮಾದ ನಿರ್ದೇಶಕ ಕ್ಯಾಮರನ್ ಕ್ರೋ. ಸಂಗೀತ ತಂಡದ ಜೊತೆ ಊರೂರು ಸುತ್ತಿ ಪತ್ರಿಕೆಗೆ ಬರೆಯಲು ಹೊರಟ ಹುಡುಗನ ಕಥೆ ಅದು. ತಾಯಿಗೆ ಆ ಸಂಗೀತದ ಮೇಲೆ ನಂಬಿಕೆಯಿಲ್ಲ. ಹುಡುಗ ತಾಯಿಯನ್ನು ಕೂರಿಸಿ ಲೆಡ್ ಝೆಪ್ಪೆಲಿನ್ ತಂಡದ 'ಸ್ಟೇರ್‌ವೇ ಟು ಹೆವನ್' ಹಾಡನ್ನು ಪೂರ್ತಿ ಕೇಳಿಸುವ ದೃಶ್ಯವನ್ನು ಚಿತ್ರೀಕರಿಸಿದರು. ಆ ತಂಡದವರು ತಮ್ಮ ಬೇರೆ ಹಾಡುಗಳಿಗೆ ಒಪ್ಪಿದರು, ಇದಕ್ಕೆ ಒಪ್ಪಲಿಲ್ಲ. ದೃಶ್ಯ ಸಿನಿಮಾದಿಂದ ಹೊರಬಿತ್ತು. ಆಮೇಲೆ ಡಿವಿಡಿಯಲ್ಲಿ ಆ ದೃಶ್ಯವನ್ನು ಹಾಡಿಲ್ಲದೆಯೇ ಸೇರಿಸಿದರು. ಯಾವ ಕ್ಷಣದಲ್ಲಿ ಹಾಡು ಶುರು ಮಾಡಬೇಕೆಂದು ಪರದೆಯ ಮೇಲೆ ಸೂಚನೆ ಬರುತ್ತದೆ. ನಿಮ್ಮ ಮನೆಯಲ್ಲಿರುವ ಮುದ್ರಿಕೆಯನ್ನು ನೀವೇ ಹಾಕಿಕೊಂಡು ನೋಡಬೇಕು!

ಇನ್ನೊಂದು ಉದಾಹರಣೆ ಇನ್ನೂ ವಿಚಿತ್ರ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ಜೀವನದ ಮೇಲೆ 2013ರಲ್ಲಿ 'ಜಿಮಿ: ಆಲ್ ಈಸ್ ಬೈ ಮೈ ಸೈಡ್' ಎಂಬ ಸಿನಿಮಾ ಬಂತು. ಹೆಂಡ್ರಿಕ್ಸ್ ಹಾಡುಗಳ ಹಕ್ಕು ಹೊಂದಿದ ಅವರ ಕುಟುಂಬದ ಸಂಸ್ಥೆ ಅನುಮತಿ ಕೊಡಲಿಲ್ಲ. ಸಿನಿಮಾದ ಜಿಮಿ ತಾನೇ ರಚಿಸಿದ ಒಂದು ಹಾಡನ್ನೂ ಹಾಡುವುದಿಲ್ಲ, ಬೇರೆಯವರ ಹಾಡುಗಳನ್ನು ನುಡಿಸುತ್ತಾರೆ. ಬೇಂದ್ರೆಯವರ ಜೀವನಚಿತ್ರ ಮಾಡಿ ಅದರಲ್ಲಿ ಅವರ ಒಂದು ಕವಿತೆಯೂ ಇಲ್ಲದಿದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಆದರೂ ಇಲ್ಲಿ ತೀರ್ಪು ಕೊಡಲು ಅವಸರ ಬೇಡ. ತನ್ನ ಹಾಡು ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂದು ಹೇಳುವ ಅಧಿಕಾರ ಹಾಡು ಮಾಡಿದವನಿಗೆ ಬೇಡವೇ? ತಾನು ಬರೆದದ್ದು ತಾನು ಒಪ್ಪದ ಜಾಹೀರಾತಿನಲ್ಲಿ ಬಂದರೆ ಯಾರಿಗೂ ನೋವಾಗುತ್ತದೆ. ಬೇಡ ಎನ್ನುವ ಹಕ್ಕು ಇಲ್ಲದಿದ್ದರೆ ಅದು ಹಕ್ಕೇ ಅಲ್ಲ.

ಗಡುವು ಮುಗಿದಾಗ

ನಮ್ಮ ಚಾಚಾರ ವಿಡಿಯೊಗೆ ತೀರ ಹತ್ತಿರವಾದ ಉದಾಹರಣೆ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ'. 1978ರಿಂದ 1982ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಹಾಸ್ಯ ಧಾರಾವಾಹಿ. ಕಥೆ ನಡೆಯುವುದು ಒಂದು ರೇಡಿಯೊ ಕೇಂದ್ರದಲ್ಲಿ, ಆದ್ದರಿಂದ ಆ ಕಾಲದ ನಿಜವಾದ ಹಾಡುಗಳು ಹಿನ್ನೆಲೆಯಲ್ಲಿ ಕೇಳುತ್ತಲೇ ಇರುತ್ತವೆ. ಹಾಡುಗಳ ಅನುಮತಿಯನ್ನು ಸೀಮಿತ ಅವಧಿಗೆ ಪಡೆದಿದ್ದರು. ಅವಧಿ ಮುಗಿದ ಮೇಲೆ ಮರುಪ್ರಸಾರಕ್ಕೆ ಹೊಸ ಬೆಲೆ, ಅದೂ ಬಹಳ ಹೆಚ್ಚು. ಆಗ ಹಾಡು ತೆಗೆದು ಹೆಸರಿಲ್ಲದ ಯಾವುದೋ ಸಂಗೀತ ತುಂಬಿದರು. ಪಾತ್ರಗಳ ಮಾತಿನ ಹಿಂದೆ ಹಾಡು ಬೆರೆತಿದ್ದ ಕಡೆ ಹಾಡನ್ನು ಮಾತ್ರ ಬೇರ್ಪಡಿಸಲು ಆಗಲಿಲ್ಲ. ಅಂಥ ಕೆಲವು ಕಡೆ ಮೂಲ ನಟರ ಮಾತನ್ನೂ ಅಳಿಸಿ, ಅವರಂತೆಯೇ ಮಾತಾಡುವ ಬೇರೆಯವರಿಂದ ಡಬ್ ಮಾಡಿಸಿದರು. 2007ರಲ್ಲಿ ಬಂದ ಡಿವಿಡಿಯಲ್ಲೂ ಅನೇಕ ಹಾಡುಗಳು ಇರಲಿಲ್ಲ. 2014ರಲ್ಲಿ ಇನ್ನೊಂದು ಸಂಸ್ಥೆ ಬಹುಪಾಲು ಹಾಡುಗಳ ಅನುಮತಿ ಪಡೆದು ಮತ್ತೆ ಹೊರತಂದಿತು.

ಮಾತು ಮತ್ತು ಹಾಡನ್ನು ಒಮ್ಮೆ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಬೇರ್ಪಡಿಸುವುದು ಕಷ್ಟ. ಹಾಲಿಗೆ ಸಕ್ಕರೆ ಹಾಕಿದ ಹಾಗೆ. ಇದನ್ನು ಓದುವಾಗ ನನಗೆ ನನ್ನದೇ ತಪ್ಪು ಅರ್ಥವಾಯಿತು.

ಹಾಸ್ಯ ಧಾರಾವಾಹಿ ಹೋದರೆ ಹೋಗಲಿ ಎನ್ನಬಹುದು. 'ಐಸ್ ಆನ್ ದ ಪ್ರೈಜ್' ಹಾಗಲ್ಲ. ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಮೇಲೆ ಹೆನ್ರಿ ಹ್ಯಾಂಪ್ಟನ್ ಅವರ ತಂಡ ತಯಾರಿಸಿದ 14 ಭಾಗಗಳ ಸಾಕ್ಷ್ಯಚಿತ್ರ ಮಾಲೆ ಅದು. ಮೊದಲ ಆರು ಭಾಗ 1987ರಲ್ಲಿ, ಉಳಿದ ಎಂಟು 1990ರಲ್ಲಿ ಪ್ರಸಾರವಾದವು. ಬಸ್ ಬಹಿಷ್ಕಾರ, ಶಾಲಾ ಪ್ರವೇಶ, ಮೆರವಣಿಗೆ, ಮಾರ್ಟಿನ್ ಲೂಥರ್ ಕಿಂಗ್ ಎಲ್ಲವೂ ಅದರಲ್ಲಿದೆ. ಆ ಹೋರಾಟ ಹಾಡುತ್ತಲೇ ನಡೆದದ್ದು, ಹಾಗಾಗಿ ಚಿತ್ರದ ತುಂಬ ಹಾಡುಗಳಿವೆ. ಹಾಡುಗಳಿಗೂ ಹಳೆಯ ಸುದ್ದಿ ಚಿತ್ರಗಳಿಗೂ ಕೆಲವೇ ವರ್ಷಗಳ ಅನುಮತಿ ಪಡೆಯುವಷ್ಟು ಹಣ ಮಾತ್ರ ಅವರಲ್ಲಿತ್ತು. 1990ರ ದಶಕದಲ್ಲಿ ಗಡುವುಗಳು ಮುಗಿದವು. ಟಿವಿಯಲ್ಲಿ ತೋರಿಸುವಂತಿಲ್ಲ, ಹೊಸ ಪ್ರತಿ ಮಾರುವಂತಿಲ್ಲ. ಗ್ರಂಥಾಲಯಗಳಲ್ಲಿ ಉಳಿದ ಹಳೆಯ ಕ್ಯಾಸೆಟ್‌ಗಳೇ ಗತಿ. ಫೋರ್ಡ್ ಫೌಂಡೇಶನ್ ಮುಂತಾದವರ ನೆರವಿನಿಂದ ಹೊಸದಾಗಿ ಅನುಮತಿ ಪಡೆದು 2006ರಲ್ಲಿ ಮತ್ತೆ ಪ್ರಸಾರ ಮಾಡಿದರು. ಅಷ್ಟರೊಳಗೆ ಎಷ್ಟು ಬ್ಯಾಚು ವಿದ್ಯಾರ್ಥಿಗಳು ಅದನ್ನು ನೋಡದೆ ಕಾಲೇಜು ಮುಗಿಸಿರಬೇಕು! ಇಲ್ಲಿ ಕಾಣೆಯಾದದ್ದು ಬರೀ ಹಾಡಲ್ಲ, ಒಂದು ಜನಾಂಗದ ನೆನಪು.

ನಾವೂ ಹಾಡಿದ ಹಾಡು

ಆ ಹೋರಾಟದ ಒಂದು ಹಾಡು ನಿಮಗೆಲ್ಲ ಗೊತ್ತು. ಶಾಲೆಯ ಪ್ರಾರ್ಥನೆಯಲ್ಲಿ 'ಹಮ್ ಹೋಂಗೆ ಕಾಮಯಾಬ್' ಹಾಡದವರು ಯಾರಿದ್ದಾರೆ? ಅದು 'ವಿ ಶಲ್ ಓವರ್‌ಕಮ್' ಹಾಡಿನ ಹಿಂದಿ ರೂಪ, ಹಿಂದಿಗೆ ತಂದವರು ಕವಿ ಗಿರಿಜಾಕುಮಾರ್ ಮಾಥುರ್.

ಮೂಲ ಹಾಡಿನ ಬೇರು ಕಪ್ಪು ಜನರ ಚರ್ಚ್ ಹಾಡುಗಳಲ್ಲಿದೆ. 1945ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ತಂಬಾಕು ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದಾಗ ಅದನ್ನು ಹಾಡಿದರು. ಅಲ್ಲಿಂದ ಅದು ಹೈಲ್ಯಾಂಡರ್ ಎಂಬ ಜನಶಿಕ್ಷಣ ಕೇಂದ್ರಕ್ಕೆ, ಅಲ್ಲಿಂದ ಪೀಟ್ ಸೀಗರ್ ಮೊದಲಾದ ಗಾಯಕರಿಗೆ ಬಂತು. 1960ರಲ್ಲಿ ಅದರ ಕೃತಿಸ್ವಾಮ್ಯ ನೋಂದಣಿಯಾಯಿತು. ಬೇರೆ ಯಾರೋ ವ್ಯಾಪಾರಿಗಳು ಹಾಡನ್ನು ತಮ್ಮದೆಂದು ಬರೆಸಿಕೊಳ್ಳದಿರಲಿ ಎಂಬುದೇ ಉದ್ದೇಶವೆಂದು ಸೀಗರ್ ಹೇಳುತ್ತಿದ್ದರು. ಬರೆದವರ ಪಾಲಿನ ಹಣವೂ ಅವರ ಜೇಬಿಗೆ ಹೋಗದೆ ಹೈಲ್ಯಾಂಡರ್ ಮೂಲಕ ಕಪ್ಪು ಸಮುದಾಯದ ಕೆಲಸಗಳಿಗೆ ಬಳಕೆಯಾಯಿತು.

ಉದ್ದೇಶ ಒಳ್ಳೆಯದೇ. ಆದರೂ ಬೇಲಿ ಬೇಲಿಯೇ. 2013ರ 'ದ ಬಟ್ಲರ್' ಸಿನಿಮಾದವರು ಈ ಹಾಡನ್ನು ಹಲವು ಕಡೆ ಬಳಸಲು ಬಯಸಿದ್ದರು. ಕೇಳಿದ ಬೆಲೆ ನೋಡಿ ಕೆಲವೇ ಸೆಕೆಂಡುಗಳಿಗೆ ತೃಪ್ತರಾದರು. ನಾಗರಿಕ ಹಕ್ಕುಗಳ ಕಾಲದ ಕಥೆಯಲ್ಲಿ ಆ ಕಾಲದ ಮುಖ್ಯ ಹಾಡೇ ಇಲ್ಲವೆನ್ನುವಷ್ಟು ಕಡಿಮೆ! 2016ರಲ್ಲಿ ಈ ಹಾಡಿನ ಮೇಲೂ ಮೊಕದ್ದಮೆ ನಡೆಯಿತು, ಆ ಚಿತ್ರದ ನಿರ್ಮಾಪಕರೂ ಸೇರಿಕೊಂಡರು. 2017ರಲ್ಲಿ ನ್ಯಾಯಾಧೀಶೆ ಡೆನಿಸ್ ಕೋಟ್ ಹಾಡಿನ ಮೊದಲ ಚರಣದ ಮೇಲೆ ಸ್ವಾಮ್ಯವಿಲ್ಲವೆಂದರು. 2018ರ ಜನವರಿಯಲ್ಲಿ ರಾಜಿಯಾಗಿ ಹಾಡು ಸಾರ್ವಜನಿಕ ಸ್ವತ್ತಾಯಿತು.

ನಮ್ಮ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಇದನ್ನು ನಿಯಂತ್ರಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಬರಹಕ್ಕೂ ಸಂಗೀತ ಸಂಯೋಜನೆಗೂ ಅದರ ಕರ್ತೃ ಬದುಕಿರುವಷ್ಟು ಕಾಲ, ಮತ್ತು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ರಕ್ಷಣೆ ಇದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ.

ಲೆಕ್ಕ ಮಾಡಿ ನೋಡೋಣ. ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕವಿತೆ ನಾವೆಲ್ಲ ನವೆಂಬರ್‌ನಲ್ಲಿ ಹಾಡುವಂಥದ್ದು. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಧ್ವನಿಸುರುಳಿ ಬಂದದ್ದು 1978ರಲ್ಲಿ. ಕವಿ ತೀರಿಕೊಂಡದ್ದು 2020ರಲ್ಲಿ, ಆದ್ದರಿಂದ ಕವಿತೆಯ ಹಕ್ಕು 2080ರ ಕೊನೆಯವರೆಗೆ. ಅನಂತಸ್ವಾಮಿಯವರು ತೀರಿಕೊಂಡದ್ದು 1995ರಲ್ಲಿ, ರಾಗದ ಹಕ್ಕು 2055ರ ಕೊನೆಯವರೆಗೆ. 1978ರ ಮುದ್ರಿಕೆಯ ಹಕ್ಕು 2038ರ ಕೊನೆಯವರೆಗೆ. ಹಾಡು ಒಂದೇ, ಗಡುವು ಮೂರು.

ಇನ್ನೊಂದು ಉದಾಹರಣೆ. ಸಂತ ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಮಾತು ಎಲ್ಲರದು, ಯಾರ ಅನುಮತಿಯೂ ಬೇಡ. ಆದರೆ ಸಿ. ಅಶ್ವಥ್ ಅವರು ಆ ಪದಗಳಿಗೆ ಕೂಡಿಸಿದ ರಾಗ ಹಾಗಲ್ಲ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ, ಅವರ ಸಂಯೋಜನೆಗೆ 2069ರ ಕೊನೆಯವರೆಗೆ ರಕ್ಷಣೆ ಇದೆ. ನೀವು ಶರೀಫರ ಪದವನ್ನು ನಿಮ್ಮದೇ ರಾಗದಲ್ಲಿ ಹಾಡಿ ರೆಕಾರ್ಡ್ ಮಾಡಿದರೆ ಯಾರೂ ತಡೆಯಲಾರರು. ಕ್ಯಾಸೆಟ್ಟಿನ ಹಾಡನ್ನೇ ವಿಡಿಯೊಗೆ ಸೇರಿಸಿದರೆ ಬೇರೆ ಮಾತು.

'ಹಾಗಾದರೆ ಕಾಲೇಜು ಡೇ ದಿನ ಹಾಡುವುದೂ ತಪ್ಪೇ?' ಎಂದು ಕೇಳುತ್ತೀರಿ. ಅಲ್ಲ. ಕಾಯ್ದೆಯ 52ನೇ ಕಲಂ ವಿನಾಯಿತಿಗಳ ಪಟ್ಟಿ ಕೊಡುತ್ತದೆ. ವಿದ್ಯಾಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು, ತಮ್ಮವರು ಮತ್ತು ಪೋಷಕರ ಎದುರು ಹಾಡಿದರೆ ಉಲ್ಲಂಘನೆಯಲ್ಲ. ಧಾರ್ಮಿಕ ಸಮಾರಂಭಕ್ಕೂ ಮದುವೆಯ ಮೆರವಣಿಗೆ, ಸಂಭ್ರಮಗಳಿಗೂ ವಿನಾಯಿತಿ ಇದೆ. ಅದೇ ಕಾರ್ಯಕ್ರಮದ ವಿಡಿಯೊವನ್ನು ಜಾಲತಾಣಕ್ಕೆ ಏರಿಸಿದಾಗ ಪ್ರೇಕ್ಷಕರು ಪೋಷಕರಷ್ಟೇ ಅಲ್ಲ, ಇಡೀ ಲೋಕ. ಆಗ ಸಭಾಂಗಣದ ವಿನಾಯಿತಿ ಸಾಲುವುದಿಲ್ಲ. ಗೆರೆ ಇರುವುದು ಅಲ್ಲಿ. ಆ ಗೆರೆ ನಾನು ಕಾಣದೆ ದಾಟಿದ್ದೆ.

ಹಕ್ಕು ಯಾರಿಗಾಗಿ?

ಇಷ್ಟು ಓದಿ ಕೃತಿಸ್ವಾಮ್ಯವೇ ಕೆಟ್ಟದ್ದು ಎಂದುಕೊಳ್ಳಬೇಡಿ. ನಮ್ಮ ಸಿನಿಮಾ ಲೋಕದಲ್ಲಿ ಬಹಳ ಕಾಲ ಕವಿ, ಸಂಗೀತಗಾರರು ಒಂದು ಸಲದ ಸಂಭಾವನೆ ಪಡೆದು ಎಲ್ಲ ಹಕ್ಕನ್ನೂ ನಿರ್ಮಾಪಕರಿಗೆ ಬರೆದುಕೊಡುತ್ತಿದ್ದರು. ಹಾಡು ಐವತ್ತು ವರ್ಷ ರೇಡಿಯೊದಲ್ಲಿ ಓಡಿದರೂ ಬರೆದವರ ಮನೆಗೆ ಕಾಸು ಬರುತ್ತಿರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆಗಿನ ಕಾನೂನಿನಂತೆ ನಿರ್ಮಾಪಕರ ಪರವಾಗಿಯೇ ತೀರ್ಪು ಕೊಡಬೇಕಾಯಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಹಾಡುಗಾರರಿಗೂ ಹಕ್ಕು ಬೇಕೆಂದು ಪ್ರತ್ಯೇಕವಾಗಿ ಬರೆದರು. 2012ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯ ಸದಸ್ಯರಾಗಿ ಅದಕ್ಕಾಗಿ ವಾದಿಸಿದರು. ಈಗ ಸಿನಿಮಾ ಹಾಡಿನ ಕವಿ, ಸಂಗೀತ ಸಂಯೋಜಕರು ಸಿನಿಮಾ ಮಂದಿರದ ಹೊರಗಿನ ಬಳಕೆಗಳ ರಾಯಲ್ಟಿಯಲ್ಲಿ ತಮ್ಮ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತೆ ಬರೆಸಿಕೊಳ್ಳಲು ಬರುವುದಿಲ್ಲ.

ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿಯವರ (ಸ) ಬೋಧನೆಯನ್ನು ನಾವು ಗಾರೆ ಕೆಲಸದವರಿಗೆ, ಬೀಡಿ ಕಟ್ಟುವವರಿಗೆ ಅನ್ವಯಿಸುತ್ತೇವೆ. ಹಾಡು ಕಟ್ಟುವವರೂ ಕೆಲಸಗಾರರೇ. ಹಾಗೆಯೇ ಇನ್ನೊಂದು ಮಾತು: ತನ್ನದಲ್ಲದ್ದನ್ನು ತನ್ನದೆಂದು ಎಂಬತ್ತು ವರ್ಷ ಕಾಸು ಎಣಿಸಿದರೆ ಅದು ಹಕ್ಕಲ್ಲ. ಒಂದು ತಕ್ಕಡಿಯಲ್ಲಿ ಮಾಡಿದವರ ಕೂಲಿ, ಇನ್ನೊಂದರಲ್ಲಿ ಎಲ್ಲರ ನೆನಪು. ಎರಡೂ ಅಮಾನತ್. ಅವಧಿ ಎಂಬ ಗೆರೆ ಹಾಕಿ ಕಾನೂನು ಎರಡನ್ನೂ ತೂಗಲು ನೋಡುತ್ತದೆ. ಗೆರೆ ಎಲ್ಲಿರಬೇಕು ಎಂಬುದು ಇನ್ನೂ ಮುಗಿಯದ ಚರ್ಚೆ.

ನಾವು ಮಾಡಬೇಕಾದ್ದು

ಕಾಲೇಜಿನ ವಿಡಿಯೊ ಮಾಡುವ ಎಲ್ಲರಿಗೂ ಇನ್ನು ಮುಂದೆ ನಾಲ್ಕು ನಿಯಮ:

1. ಮಾತಾಡುವವರ ದನಿಯ ಮೇಲೆ ಹಾಡು ಹಾಕಬಾರದು. ಹಾಕಲೇಬೇಕಿದ್ದರೆ ಮಾತಿನ ಪಟ್ಟಿ ಬೇರೆ, ಸಂಗೀತದ ಪಟ್ಟಿ ಬೇರೆ ಉಳಿಸಬೇಕು.
2. ಮೂಲ ಪ್ರತಿಯನ್ನು ಅಳಿಸಬಾರದು. ಕಾಲೇಜಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಬೇರೆ ಕಡೆ ಇನ್ನೊಂದು ಇಡಬೇಕು.
3. ಸಂಗೀತ ಬೇಕಿದ್ದರೆ ನಮ್ಮ ವಿದ್ಯಾರ್ಥಿಗಳೇ ಹಾಡಲಿ, ದಫ್ ಬಾರಿಸಲಿ. ಮಾತು ಅವಧಿ ಮುಗಿದದ್ದೋ ಸ್ವಂತದ್ದೋ ಆಗಿರಲಿ.
4. ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರು ಕೊನೆಯಲ್ಲಿ ಹಾಕಬೇಕು. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ ಎಂಬುದೂ ನೆನಪಿರಲಿ.

ಕೊನೆಗೆ ಆ ಹುಡುಗಿಯ ವಿಷಯ. ನಾನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಹನ್ನೊಂದು ದಿನ ಯಾರೂ ಉತ್ತರಿಸಲಿಲ್ಲ. ಆಮೇಲೆ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ, ಅಂದು ಮೂರನೇ ಸಾಲಿನಿಂದ ತನ್ನ ಫೋನಿನಲ್ಲಿ ತೆಗೆದ ನಲವತ್ತು ಸೆಕೆಂಡಿನ ತುಣುಕು ಕಳಿಸಿದ. ಚಿತ್ರ ಅಲುಗಾಡುತ್ತದೆ, ಫ್ಯಾನಿನ ಸದ್ದು ಇದೆ, ಹಾಡು ಇಲ್ಲ. ಚಾಚಾ ಹೇಳುತ್ತಿದ್ದಾರೆ: "ಆಫೀಸ್ ಬಾಗಿಲ ಹಿಂದೆ ಏಳು ಕೊಡೆ ಅದಾವ. ಯಾರ್ದು ಅಂತ ಗೊತ್ತಿಲ್ಲ. ನಾಳೆಯಿಂದ ನಾ ಇರಂಗಿಲ್ಲ, ಇವತ್ತೇ ಒಯ್ಕೋರಿ." ಸಭೆ ನಗುತ್ತದೆ. ಅಲ್ಲಿಗೆ ತುಣುಕು ಮುಗಿಯುತ್ತದೆ.

ಅದನ್ನು ಹುಡುಗಿಯ ಅಬ್ಬಾಗೆ ಕಳಿಸಿದ್ದೇನೆ. ಉಳಿದ ಮೂರು ನಿಮಿಷ ಇಪ್ಪತ್ತು ಸೆಕೆಂಡು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ.

ಯೋಚಿಸಿ ಉತ್ತರಿಸಿ

1. 'ಮುಘಲ್-ಎ-ಆಝಮ್' ತೆರೆಕಂಡದ್ದು 1960ರಲ್ಲಿ. ಹಾಡು ಬರೆದ ಶಕೀಲ್ ಬದಾಯೂನಿ 1970ರಲ್ಲಿ, ಸಂಗೀತ ನಿರ್ದೇಶಕ ನೌಶಾದ್ 2006ರಲ್ಲಿ ತೀರಿಕೊಂಡರು. ಹಾಡುಗಳು ಸಿನಿಮಾ ಬಂದ ವರ್ಷವೇ ಹೊರಬಂದವೆಂದು ಇಟ್ಟುಕೊಂಡು ಮಾತು, ರಾಗ, ಮುದ್ರಿಕೆ ಮೂರರ ಗಡುವನ್ನು ಲೆಕ್ಕ ಹಾಕಿ.
2. ನಿಮ್ಮ ನಾನಿ, ದಾದಿ ಅಥವಾ ಅಜ್ಜಿ ಹಾಡುವ ಮದುವೆ ಹಾಡು, ಜೋಗುಳ, ಬೀಸುವ ಕಲ್ಲಿನ ಹಾಡಿಗೆ ಮಾಲೀಕರು ಯಾರು? ಅದನ್ನು ರೆಕಾರ್ಡ್ ಮಾಡುವ ಮೊದಲು ಅವರನ್ನು ಏನು ಕೇಳಬೇಕು?
3. 'ಬೇಡ' ಎನ್ನುವ ಹಕ್ಕು ಕಲಾವಿದನ ನಂತರ ಅವನ ಕುಟುಂಬಕ್ಕೂ ಇರಬೇಕೇ? ಎರಡೂ ಪಕ್ಷ ವಹಿಸಿ ಹತ್ತು ಹತ್ತು ಸಾಲು ಬರೆಯಿರಿ.

ಉತ್ತರಗಳನ್ನು ಮುಂದಿನ ಸಂಚಿಕೆಯ ಒಳಗೆ ನನಗೆ ಕೊಡಿ. ಒಳ್ಳೆಯವನ್ನು ಇಲ್ಲಿಯೇ ಪ್ರಕಟಿಸೋಣ, ಬರೆದವರ ಹೆಸರಿನ ಸಮೇತ.